ಸೇನಾನಿಗಳ ಸ್ನೇಹಪತ್ರ ವ್ಯವಹಾರ

ಯುದ್ಧಕಾಲದಲ್ಲಿ ಬೇರೆ ಬೇರೆ ರಣರಂಗಗಳಲ್ಲಿ ದಂಡು ನಡೆಸುವ ಸೇನಾನಿಗಳು ಅಧಿಕೃತ ಆಜ್ಞೆ, ವರದಿಗಳ ಜೊತೆಗೆ ಪರಿಚಯದ ಸಲುಗೆಯಿಂದ ಒಬ್ಬರಿಗೊಬ್ಬರು ಬರೆದುಕೊಳ್ಳುವ ಕಾಗದಗಳು ಪತ್ರಸಾಹಿತ್ಯದಲ್ಲಿ ಒಂದು ಪ್ರತ್ಯೇಕ ವರ್ಗವಾಗಿ ನಿಲ್ಲುತ್ತವೆ. ಇವು ಪೂರಾ ಖಾಸಗಿಯಲ್ಲ, ಪೂರಾ ಸರ್ಕಾರಿಯೂ ಅಲ್ಲ. ನಮ್ಮ ಕಚೇರಿಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ಅರೆಸರ್ಕಾರಿ ಪತ್ರದ ಜಾತಿಗೆ ಸೇರಿದವು: ವಿಷಯ ಕಡತಕ್ಕೆ ಸೇರಿದ್ದು, ಒಕ್ಕಣೆ ಮಾತ್ರ ಮನುಷ್ಯ ಮನುಷ್ಯನಿಗೆ ಬರೆದದ್ದು. ಜೀವನಚರಿತ್ರೆ ಬರೆಯುವವರು ಇವುಗಳಲ್ಲಿ ಸೇನಾನಿಯ ಗುಣಸ್ವಭಾವವನ್ನು ಹುಡುಕುತ್ತಾರೆ. ಯುದ್ಧದ ಇತಿಹಾಸ ಬರೆಯುವವರಿಗೆ ಇವು ಆಜ್ಞೆಗಳ ಅಡಿಯಲ್ಲಿ ಹಾಕುವ ಟಿಪ್ಪಣಿಗೆ ಸರಕು. ಆದರೆ ಮುಖ್ಯ ನಿದರ್ಶನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಇವುಗಳ ಪಾತ್ರ ಅದಕ್ಕಿಂತ ದೊಡ್ಡದೆಂದು ತಿಳಿಯುತ್ತದೆ. ದೂರ ಹೆಚ್ಚಿದಷ್ಟೂ ಆಜ್ಞೆಯ ಹಿಡಿತ ಸಡಿಲವಾಗುತ್ತದೆ. ಆಜ್ಞೆ ತಲುಪುವ ಹೊತ್ತಿಗೆ ಅದನ್ನು ಹೊರಡಿಸಿದ ಕಾರಣವೇ ಮಾಯವಾಗಿರಬಹುದು. ಆ ಕೊರತೆಯನ್ನು ತುಂಬಿದ್ದು ಸ್ನೇಹಪತ್ರ. ಕೆಳಗಿನವನು ತನ್ನ ಭಿನ್ನಾಭಿಪ್ರಾಯವನ್ನು ಅವಿಧೇಯತೆ ಎನಿಸದಂತೆ ಹೇಳಿಕೊಳ್ಳಲು, ಮೇಲಿನವನು ಹೊಣೆ ಕಳಚಿಕೊಳ್ಳದೆ ಸ್ವಾತಂತ್ರ್ಯ ಕೊಡಲು ಅದು ಜಾಗ ಮಾಡಿಕೊಟ್ಟಿತು. ಆದ್ದರಿಂದ ಇಂಥ ಪತ್ರಗಳ ತೂಕವನ್ನು ಅವುಗಳಲ್ಲಿನ ಅಕ್ಕರೆಯಿಂದ ಅಳೆಯುವುದಕ್ಕಿಂತ ಅವು ಎಷ್ಟು ಅಸಮ್ಮತಿಯನ್ನು ತಾಳಿಕೊಂಡವು ಎಂಬುದರಿಂದ ಅಳೆಯುವುದು ಸರಿ.

ದಖ್ಖನ್ನಿನ ನಿದರ್ಶನ: ವೆಲ್ಲೆಸ್ಲಿ ಮತ್ತು ಮನ್ರೋ

ತಂತಿ, ರೈಲುಗಳಿಗೆ ಮುಂಚಿನ ಕಾಲದ ಒಳ್ಳೆಯ ನಿದರ್ಶನ ಕರ್ನಾಟಕದ ನೆಲಕ್ಕೇ ಸೇರಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿನ ವ್ಯವಸ್ಥೆಗೆಂದು ನೇಮಕವಾದ ಆಯೋಗದಲ್ಲಿ ಆರ್ಥರ್ ವೆಲ್ಲೆಸ್ಲಿ ಸದಸ್ಯನಾಗಿದ್ದ. ಥಾಮಸ್ ಮನ್ರೋ ಅದರ ಕಾರ್ಯದರ್ಶಿಗಳಲ್ಲಿ ಒಬ್ಬ. ಅಲ್ಲಿಂದ ವೆಲ್ಲೆಸ್ಲಿ ಶ್ರೀರಂಗಪಟ್ಟಣದಲ್ಲಿ ದಂಡಿನ ಮುಖ್ಯಸ್ಥನಾಗಿ ಉಳಿದರೆ, ಮನ್ರೋ ಕಲೆಕ್ಟರನಾಗಿ ಮೊದಲು ಕೆನರಾಕ್ಕೂ ಆಮೇಲೆ ಬಳ್ಳಾರಿ, ಅನಂತಪುರ, ಕಡಪಗಳನ್ನೊಳಗೊಂಡ ದತ್ತಮಂಡಲಕ್ಕೂ ಹೋದ. 1800ರ ಬೇಸಿಗೆಯಿಂದ ಸೆಪ್ಟೆಂಬರಿನವರೆಗೆ ವೆಲ್ಲೆಸ್ಲಿ ಬಂಡುಕೋರ ಧೋಂಡಿಯಾ ವಾಘ್‌ನ ಬೆನ್ನಟ್ಟಿ ರಾಣೆಬೆನ್ನೂರು, ಡಂಬಳಗಳನ್ನು ಹಿಡಿದು ತುಂಗಭದ್ರೆಯ ಆಚೆ ಅಲೆದಾಡುತ್ತಿದ್ದಾಗ ಇಬ್ಬರ ನಡುವೆ ಪತ್ರಗಳು ಓಡಾಡಿದವು. ದವಸಧಾನ್ಯ, ಎತ್ತುಗಳ ಮಾತಿನ ಜೊತೆಗೆ ರಾಜ್ಯನೀತಿಯ ಚರ್ಚೆಯೂ ಅವುಗಳಲ್ಲಿದೆ. ಮರಾಠರ ಗಡಿನಾಡಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆ ಇನ್ನಷ್ಟು ಮುಂದೆ ಸಾಗಬೇಕೆಂಬುದು ಮನ್ರೋನ ಒಲವು. ಅದೇ ವರ್ಷದ ಆಗಸ್ಟಿನಲ್ಲಿ ವೆಲ್ಲೆಸ್ಲಿ ಬರೆದ ಉತ್ತರ ಅದಕ್ಕೆ ನೇರವಾಗಿ ಇದಿರು: ನಮ್ಮ ಸೀಮೆ, ಪ್ರಭಾವಗಳು ಆಗಲೇ ನಮ್ಮ ಶಕ್ತಿ ಮೀರಿ ಬೆಳೆದಿವೆ, ಟಿಪ್ಪುವಿನ ಮತ್ತು ನಿಜಾಮನ ಸೇವೆಯಲ್ಲಿದ್ದವರ ಅನ್ನ ಕಿತ್ತು ನಾವೇ ಶತ್ರುಗಳ ಸಂಖ್ಯೆ ಹೆಚ್ಚಿಸಿಕೊಂಡಿದ್ದೇವೆ ಎಂಬುದು ಅದರ ಸಾರ. ಗವರ್ನರ್ ಜನರಲ್ ಆಗಿದ್ದ ಅಣ್ಣ ರಾಜ್ಯವಿಸ್ತರಣೆಯ ಹುಮ್ಮಸ್ಸಿನಲ್ಲಿದ್ದ ಕಾಲದಲ್ಲಿ ತಮ್ಮ ಈ ಮಾತನ್ನು ಅಧಿಕೃತ ವರದಿಯಲ್ಲಿ ಬರೆಯುವುದು ಸುಲಭವಿರಲಿಲ್ಲ. ಗೆಳೆಯನಿಗೆ ಬರೆದ ಕಾಗದದಲ್ಲಿ ಬರೆದ.

ಮೂರು ವರ್ಷದ ನಂತರದ ಪತ್ರಗಳು ಇದಕ್ಕಿಂತ ಸೊಗಸಾದವು. 1803ರ ಸೆಪ್ಟೆಂಬರ್ 23ರಂದು ಅಸ್ಸಾಯೆಯಲ್ಲಿ ವೆಲ್ಲೆಸ್ಲಿ ಸಿಂಧಿಯಾ ಮತ್ತು ಬೇರಾರದ ರಾಜರ ಕೂಡುದಂಡನ್ನು ಸೋಲಿಸಿದ. ಗೆಲುವಿಗೆ ತೆತ್ತ ಬೆಲೆ ಭಾರಿಯಾಗಿತ್ತು. ಸತ್ತವರು, ಗಾಯಗೊಂಡವರು ಸೇರಿ ಸುಮಾರು 1,600 ಮಂದಿ. ಕರ್ನಲ್ ಸ್ಟೀವನ್ಸನ್ನನ ತುಕಡಿ ಬೇರೊಂದು ದಾರಿಯಲ್ಲಿ ಬರುತ್ತಿತ್ತು. ಅದು ಕೂಡಿಕೊಳ್ಳುವ ಮೊದಲೇ ಕಾಳಗ ಮುಗಿದಿತ್ತು. ಐನೂರು ಕಿಲೋಮೀಟರಿಗೂ ಆಚೆ ಕಂದಾಯದ ಲೆಕ್ಕದಲ್ಲಿ ಮುಳುಗಿದ್ದ ಮನ್ರೋ ಅಕ್ಟೋಬರಿನಲ್ಲಿ ಅಭಿನಂದನೆಯ ಕಾಗದ ಬರೆದ. ಈಜಿಪ್ಟಿನ ಅಬೂಕಿರಿನ ಕಾಳಗಕ್ಕಿಂತ ಇದು ಮಿಗಿಲಾದ ಸಾಹಸ ಎಂದು ಹೊಗಳಿದ. ಅದರ ಬೆನ್ನಿಗೇ ಒಂದು ಚುಚ್ಚುಮಾತನ್ನೂ ಸೇರಿಸಿದ: ಸ್ಟೀವನ್ಸನ್ನನನ್ನು ಬೇರೆ ದಾರಿಗೆ ಕಳಿಸಿದ್ದು ಎಷ್ಟು ಅಪಾಯದ ಕೆಲಸವೆಂದರೆ, ಕೀರ್ತಿಯನ್ನು ಆದಷ್ಟು ಕಡಿಮೆ ಜನರ ನಡುವೆ ಹಂಚಿಕೊಳ್ಳಲೆಂದೇ ಹಾಗೆ ಮಾಡಿದಿರೇನೋ ಅನ್ನಿಸುತ್ತದೆ. ವೆಲ್ಲೆಸ್ಲಿ ಆಗ ಮೇಜರ್ ಜನರಲ್, ಮನ್ರೋ ಬರೀ ಮೇಜರ್. ಆದರೂ ನವೆಂಬರ್ 1ರಂದು ವೆಲ್ಲೆಸ್ಲಿ ದೀರ್ಘವಾದ ಉತ್ತರ ಬರೆದ. ಯುದ್ಧದ ಮರ್ಮ ಬಲ್ಲವನಾದ ನಿನ್ನ ಒಪ್ಪಿಗೆ ನನ್ನ ಕಡೆಗಿರಬೇಕು ಎಂಬ ಪೀಠಿಕೆ ಹಾಕಿ, ಬೆಟ್ಟಸಾಲಿನ ಕಿರುದಾರಿಗಳಲ್ಲಿ ಇಡೀ ದಂಡು ಒಂದೇ ದಿನ ಸಾಗಲಾರದೆಂದೂ, ಒಂದೇ ದಾರಿ ಹಿಡಿದಿದ್ದರೆ ಶತ್ರು ಇನ್ನೊಂದರಿಂದ ಜಾರಿಕೊಳ್ಳುತ್ತಿದ್ದನೆಂದೂ ವಿವರಿಸಿದ. ಅಸ್ಸಾಯೆಯ ನಿರ್ಧಾರದ ಹಿಂದಿನ ಲೆಕ್ಕಾಚಾರ ಇಂದು ನಮಗೆ ಇಷ್ಟು ಬಿಡಿಸಿ ತಿಳಿದಿರುವುದು ಹೆಚ್ಚಿನಮಟ್ಟಿಗೆ ಆ ಚುಚ್ಚುಮಾತಿನ ಪುಣ್ಯ. ಮೇಲಧಿಕಾರಿಗೆ ಸಲ್ಲಿಸುವ ವರದಿಯಲ್ಲಿ ಗೆದ್ದವನು ತನ್ನ ತಪ್ಪಿರಬಹುದಾದ ಹೆಜ್ಜೆಯನ್ನು ತಾನಾಗಿ ಎತ್ತಿ ಆಡುವುದಿಲ್ಲ. ಮುಂದೆ ಮನ್ರೋ ತಾನೂ ಸೇನಾನಿಯಾಗಿ 1817–18ರಲ್ಲಿ ಬಾದಾಮಿ, ಬೆಳಗಾವಿಗಳನ್ನು ಗೆದ್ದ. ಆದರೆ ಯುದ್ಧವಿದ್ಯೆಯಲ್ಲಿ ಅವನ ತೀರ್ಪಿನ ಬೆಲೆಯನ್ನು ವೆಲ್ಲೆಸ್ಲಿ ಮೊದಲೇ ಕಂಡುಕೊಂಡಿದ್ದ.

ಅಮೆರಿಕದ ಅಂತರ್ಯುದ್ಧ: ಗ್ರ್ಯಾಂಟ್ ಮತ್ತು ಶರ್ಮನ್

ಈ ಬಗೆಯ ಪತ್ರ ವ್ಯವಹಾರ ತನ್ನ ಪೂರ್ಣರೂಪ ಪಡೆದದ್ದು 1861–65ರ ಅಮೆರಿಕದ ಅಂತರ್ಯುದ್ಧದಲ್ಲಿ, ಉತ್ತರದ ಯೂನಿಯನ್ ಪಕ್ಷದ ಯುಲಿಸಿಸ್ ಎಸ್. ಗ್ರ್ಯಾಂಟ್ ಮತ್ತು ವಿಲಿಯಂ ಟೆಕಮ್ಸೆ ಶರ್ಮನ್ ನಡುವೆ. ಇಬ್ಬರೂ ವೆಸ್ಟ್ ಪಾಯಿಂಟ್ ಸೈನಿಕ ವಿದ್ಯಾಲಯದವರು; ಶರ್ಮನ್ 1840ರ ತಂಡ, ಗ್ರ್ಯಾಂಟ್ 1843ರದು. ಇಬ್ಬರೂ ದಂಡು ಬಿಟ್ಟು ಬೇರೆ ಕಸುಬಿಗೆ ಕೈಹಾಕಿ ಏಳಿಗೆ ಕಾಣದೆ, ಯುದ್ಧ ಬಂದಾಗ ಮರಳಿ ಸಮವಸ್ತ್ರ ತೊಟ್ಟವರು. 1862ರ ಫೆಬ್ರವರಿಯಲ್ಲಿ ಗ್ರ್ಯಾಂಟ್ ಡಾನೆಲ್ಸನ್ ಕೋಟೆಗೆ ಮುತ್ತಿಗೆ ಹಾಕಿದಾಗ ಹಿಂದಿನ ಠಾಣೆಯಿಂದ ಜನ, ಸಾಮಗ್ರಿ ಕಳಿಸುವ ಕೆಲಸ ಶರ್ಮನ್ನನದು. ಸೇವಾಹಿರಿತನದಲ್ಲಿ ಶರ್ಮನ್ನೇ ಮೇಲು. ಆದರೂ ಮೇಲಕ್ಕೆ ಬಂದ ಪ್ರತಿ ಹಬೆದೋಣಿಯಲ್ಲೂ ಅವನಿಂದ ಒಂದು ಚೀಟಿ ಇರುತ್ತಿತ್ತೆಂದು ಗ್ರ್ಯಾಂಟ್ ಆತ್ಮಕಥೆಯಲ್ಲಿ ನೆನೆದಿದ್ದಾನೆ: ಏನು ಬೇಕಾದರೂ ಕೇಳು, ಮುಂಚೂಣಿಯಲ್ಲಿ ನನ್ನಿಂದ ಉಪಯೋಗವಿದ್ದರೆ ಕರೆಸಿಕೋ, ಹಿರಿತನದ ಹಕ್ಕು ಬಿಟ್ಟು ಬರುತ್ತೇನೆ. ಅದೇ ವರ್ಷ ಷೈಲೋ ಕಾಳಗದ ನಂತರ ಮೇಲಧಿಕಾರಿ ಹ್ಯಾಲೆಕ್ ಗ್ರ್ಯಾಂಟನನ್ನು ಹೆಸರಿಗಷ್ಟೇ ಇದ್ದ ಎರಡನೆಯ ಸ್ಥಾನಕ್ಕೆ ತಳ್ಳಿದಾಗ ಅವನು ಗಂಟುಮೂಟೆ ಕಟ್ಟಿ ಹೊರಡಲು ಸಿದ್ಧನಾಗಿದ್ದ. ಶರ್ಮನ್ ಬಂದು ತಡೆದ. ಉಳಿಯುವುದಾಗಿ ಗ್ರ್ಯಾಂಟ್ ತಿಳಿಸಿದ ಮೇಲೆ, ದಂಡು ಮುಂದೆ ಹೋಗುವಾಗ ಮನೆಯಲ್ಲಿ ಕೂತಿದ್ದರೆ ನಿನಗೆ ನೆಮ್ಮದಿ ಇರುತ್ತಿರಲಿಲ್ಲ ಎಂದು ಜೂನ್ 6ರಂದು ಕಾಗದ ಬರೆದ. ಮುಂದಿನದಕ್ಕೆಲ್ಲ ಅಡಿಪಾಯ ಇದು: ಪದವಿಯ ಲೆಕ್ಕ ಇಬ್ಬರ ನಡುವೆ ಅಡ್ಡ ಬರುವುದಿಲ್ಲವೆಂಬುದು ಅಧಿಕಾರ ದೊಡ್ಡದಾಗುವ ಮೊದಲೇ ಇತ್ಯರ್ಥವಾಗಿತ್ತು.

ಭಿನ್ನಾಭಿಪ್ರಾಯದ ಮೊದಲ ದೊಡ್ಡ ಪರೀಕ್ಷೆ ವಿಕ್ಸ್‌ಬರ್ಗಿನದು. ಮಿಸಿಸಿಪ್ಪಿ ನದಿಯ ಆ ಕೋಟೆಯನ್ನು ಹಿಡಿಯಲು ಗ್ರ್ಯಾಂಟ್ ಹಾಕಿದ ಯೋಜನೆ ಶರ್ಮನ್ನನಿಗೆ ಹಿಡಿಸಲಿಲ್ಲ. ಮೆಂಫಿಸ್‌ಗೆ ಹಿಂದಿರುಗಿ ನೆಲದ ದಾರಿಯಲ್ಲಿ ಬರುವುದು ಮೇಲೆಂದು 1863ರ ಏಪ್ರಿಲ್ 8ರಂದು ಗ್ರ್ಯಾಂಟನ ಸಹಾಯಕ ರಾಲಿನ್ಸ್‌ಗೆ ಪತ್ರ ಬರೆದ. ಗ್ರ್ಯಾಂಟ್ ಅದನ್ನು ಓದಿದ, ಒಪ್ಪಲಿಲ್ಲ, ಸಿಟ್ಟಾಗಲೂ ಇಲ್ಲ. ಶರ್ಮನ್ ತನಗೆ ವಹಿಸಿದ ಪಾಲನ್ನು ಚಾಚೂ ತಪ್ಪದೆ ಮಾಡಿದ. ಕೋಟೆ ಬೀಳುವುದು ಖಚಿತವಾದಾಗ ನೋಡಲು ಬಂದ ಗಣ್ಯರೆದುರು ಈ ಯೋಜನೆ ಪೂರ್ತಿ ಗ್ರ್ಯಾಂಟನದೇ, ನಾನು ವಿರೋಧಿಸಿ ಪತ್ರ ಬರೆದಿದ್ದೆ ಎಂದು ಅವನೇ ಬಾಯಿಬಿಟ್ಟು ಹೇಳಿದ. ಆ ಕಾಗದವನ್ನು ಗ್ರ್ಯಾಂಟ್ ಅದುವರೆಗೆ ಯಾರ ಮುಂದೆಯೂ ಎತ್ತಿರಲಿಲ್ಲ. ಲಿಖಿತ ಅಸಮ್ಮತಿ ಸಾಮಾನ್ಯವಾಗಿ ಎರಡೂ ಕಡೆಗೆ ಆಯುಧ: ಯೋಜನೆ ಸೋತರೆ ಬರೆದವನಿಗೆ ಗುರಾಣಿ, ಗೆದ್ದರೆ ಪಡೆದವನಿಗೆ ಹಂಗಿಸುವ ಸಾಧನ. ಇಲ್ಲಿ ಇಬ್ಬರೂ ಅದನ್ನು ಆಯುಧವಾಗಿ ಬಳಸಲಿಲ್ಲ. ಹಾಗಾಗಿ ಮುಂದಿನ ಅಸಮ್ಮತಿಗೆ ದಾರಿ ತೆರೆದೇ ಉಳಿಯಿತು.

1864ರ ಮಾರ್ಚಿನಲ್ಲಿ ಗ್ರ್ಯಾಂಟ್ ಲೆಫ್ಟಿನೆಂಟ್ ಜನರಲ್ ಆಗಿ ಯೂನಿಯನ್ನಿನ ಎಲ್ಲ ಸೇನೆಗಳ ಮುಖ್ಯಸ್ಥನಾದ. ವಾಷಿಂಗ್ಟನ್ನಿಗೆ ಹೊರಡುವ ಮುನ್ನ, ಮಾರ್ಚ್ 4ರಂದು, ತನ್ನ ಏಳಿಗೆಯ ಋಣ ಎಲ್ಲರಿಗಿಂತ ಹೆಚ್ಚಾಗಿ ಶರ್ಮನ್ ಮತ್ತು ಇನ್ನೊಬ್ಬ ಸೇನಾನಿ ಮೆಕ್‌ಫರ್ಸನ್‌ಗೆ ಸಲ್ಲಬೇಕೆಂದು ಬರೆದ. ಮಾರ್ಚ್ 10ರ ಶರ್ಮನ್ನನ ಉತ್ತರ ಈ ಪ್ರಕಾರದ ಅತ್ಯಂತ ಪ್ರಸಿದ್ಧ ಪತ್ರ. ಅದರಲ್ಲಿ ಹೊಗಳಿಕೆ ಧಾರಾಳವಾಗಿದೆ. ಗೆಲುವಿನಲ್ಲಿ ನಿನಗಿರುವ ಸರಳ ನಂಬಿಕೆಯೇ ನಿನ್ನ ದೊಡ್ಡ ಬಲ ಎನ್ನುತ್ತಾನೆ. ಜೊತೆಗೇ, ಯುದ್ಧಶಾಸ್ತ್ರ, ಇತಿಹಾಸದ ಪುಸ್ತಕಗಳಲ್ಲಿ ನಿನಗಿರುವ ತಿಳಿವಳಿಕೆಯ ಬಗ್ಗೆ ಮಾತ್ರ ನನಗೆ ಅನುಮಾನವಿತ್ತು, ಆ ಕೊರತೆಯನ್ನು ನಿನ್ನ ಸಾಮಾನ್ಯಜ್ಞಾನ ತುಂಬಿತು ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ಕೊನೆಗೆ ಒಂದು ಕಳಕಳಿಯ ಸಲಹೆ: ವಾಷಿಂಗ್ಟನ್ನಿನಲ್ಲಿ ಉಳಿಯಬೇಡ, ಅಲ್ಲಿನ ಒಳಸಂಚುಗಳನ್ನು ನಿಭಾಯಿಸಲು ಹ್ಯಾಲೆಕ್ ಇದ್ದಾನೆ, ನೀನು ಪಶ್ಚಿಮಕ್ಕೆ ಬಾ. ಗ್ರ್ಯಾಂಟ್ ಈ ಸಲಹೆಯ ಅರ್ಧವನ್ನಷ್ಟೇ ಪಾಲಿಸಿದ. ರಾಜಧಾನಿಯ ಕಚೇರಿಯಲ್ಲಿ ಕೂರಲಿಲ್ಲ. ಆದರೆ ಪಶ್ಚಿಮಕ್ಕೂ ಹೋಗದೆ ವರ್ಜೀನಿಯಾದಲ್ಲಿ ದಕ್ಷಿಣದ ಸೇನಾನಿ ಲೀಯ ಎದುರು ಬಿಡಾರ ಹೂಡಿದ. ಪಶ್ಚಿಮ ಶರ್ಮನ್ನನ ಪಾಲಾಯಿತು. ಏಪ್ರಿಲ್ 4ರಂದು ಗ್ರ್ಯಾಂಟ್ ಖಾಸಗಿ, ಗೋಪ್ಯ ಎಂಬ ತಲೆಬರಹದಡಿ ಇಡೀ ಯುದ್ಧದ ನಕ್ಷೆಯನ್ನು ಬರೆದು ಕಳಿಸಿದ: ದಕ್ಷಿಣದ ಇನ್ನೊಬ್ಬ ಸೇನಾನಿ ಜಾನ್‌ಸ್ಟನ್ನನ ಸೇನೆಯನ್ನು ಒಡೆಯಬೇಕು, ಶತ್ರುವಿನ ಒಳನಾಡಿಗೆ ನುಗ್ಗಿ ಅವನ ಯುದ್ಧಸಾಧನಗಳನ್ನು ಹಾಳುಗೆಡವಬೇಕು. ಆಗಬೇಕಾದ ಕೆಲಸವನ್ನು ಹೇಳುತ್ತೇನೆ, ಅದನ್ನು ಹೇಗೆ ಮಾಡಬೇಕೆಂಬುದು ನಿನಗೆ ಬಿಟ್ಟದ್ದು ಎಂದು ಸ್ಪಷ್ಟಪಡಿಸಿದ. ಏಪ್ರಿಲ್ 10ರಂದು ಶರ್ಮನ್ ತನ್ನ ಯೋಜನೆ ತಿಳಿಸಿ, ಎಲ್ಲ ಸೇನೆಗಳೂ ಒಂದೇ ಗುರಿಯತ್ತ ಸಾಗುವ ಈ ಏರ್ಪಾಟು ಕೊನೆಗೂ ಬುದ್ಧಿವಂತರ ಯುದ್ಧದಂತೆ ಕಾಣುತ್ತಿದೆ ಎಂದು ಸಂತೋಷಪಟ್ಟ.

ಅಟ್ಲಾಂಟಾ 1864ರ ಸೆಪ್ಟೆಂಬರ್ 2ರಂದು ವಶವಾಯಿತು. ಮುಂದೇನು ಎಂಬ ಪ್ರಶ್ನೆಗೆ ಉತ್ತರ ಹುಡುಕಿದ ಬಗೆಯಲ್ಲಿ ಪತ್ರದ ಕೆಲಸ ಎದ್ದು ಕಾಣುತ್ತದೆ. ವರ್ಜೀನಿಯಾದ ಸಿಟಿ ಪಾಯಿಂಟ್‌ನಿಂದ ಅಟ್ಲಾಂಟಾ ಏಳುನೂರು ಕಿಲೋಮೀಟರಿಗೂ ಮಿಕ್ಕ ದೂರ. ತಂತಿ ಇತ್ತು, ಆದರೆ ಅದರ ಸಂಕೇತಲಿಪಿ ಯುದ್ಧ ಇಲಾಖೆಗೆ ಉತ್ತರ ಹೇಳುವ ನೌಕರರ ಕೈಯಲ್ಲಿತ್ತು, ಸೇನಾನಿಗಳ ಕೈಯಲ್ಲಲ್ಲ. ತಂತಿಯಲ್ಲಿ ಆಡಿದ ಮಾತು ಇಬ್ಬರ ನಡುವೆ ಉಳಿಯುತ್ತಿರಲಿಲ್ಲ. ಗ್ರ್ಯಾಂಟ್ ಸೆಪ್ಟೆಂಬರ್ 12ರಂದು ಪತ್ರವೊಂದನ್ನು ಬರೆದು ತನ್ನ ಆಪ್ತ ಅಧಿಕಾರಿ ಹೊರೇಸ್ ಪೋರ್ಟರನ ಕೈಯಲ್ಲಿ ಕಳಿಸಿದ. ನಿನಗೆ ಸೂಚನೆ ಕೊಡಲು ಇವನನ್ನು ಕಳಿಸುತ್ತಿಲ್ಲ, ನಿನ್ನ ಅಭಿಪ್ರಾಯ ತಿಳಿಯಲು ಕಳಿಸುತ್ತಿದ್ದೇನೆ ಎಂಬುದು ಅದರ ತಿರುಳು. ಪೋರ್ಟರ್ ಮುಟ್ಟಿದಾಗ ಶರ್ಮನ್ ಮನೆಯ ಮುಂಜಗುಲಿಯಲ್ಲಿ, ಕೋಟಿನ ಗುಂಡಿ ಬಿಚ್ಚಿಕೊಂಡು, ಹಿಮ್ಮಡಿ ಸವೆದ ಚಪ್ಪಲಿ ಮೆಟ್ಟಿಕೊಂಡು ಆರಾಮಕುರ್ಚಿಯಲ್ಲಿ ಒರಗಿ ಪತ್ರಿಕೆ ಓದುತ್ತಿದ್ದನಂತೆ. ಸೆಪ್ಟೆಂಬರ್ 20ರ ಅವನ ಉತ್ತರದಲ್ಲಿ ಸವಾನಾದ ಬಂದರು, ನದಿಗಳು, ದವಸದ ಸಂಗ್ರಹ, ಗ್ರ್ಯಾಂಟ್ ತನ್ನ ಕಡೆ ಮಾಡಬೇಕಾದದ್ದು ಎಲ್ಲದರ ಚರ್ಚೆಯಿದೆ. ಇನ್ನೂ ಗಟ್ಟಿಯಾಗದ ಯೋಚನೆಯನ್ನು ಗಟ್ಟಿಯಾಗದ ಹಾಗೆಯೇ ಮುಂದಿಟ್ಟ ಬರಹ ಅದು. ನೀನು ಲೀಯನ್ನು ಬಡಿದು, ನಾನು ಸಮುದ್ರ ತಲುಪಿದರೆ, ಮಕ್ಕಳುಮರಿಗಳನ್ನು ನೋಡಿ ಬರಲು ಅಧ್ಯಕ್ಷ ಲಿಂಕನ್ನರು ನಮಗಿಬ್ಬರಿಗೂ ಇಪ್ಪತ್ತು ದಿನದ ರಜೆ ಕೊಟ್ಟಾರು ಎಂಬ ತಮಾಷೆಯಿಂದ ಅದು ಮುಗಿಯುತ್ತದೆ.

ಆಮೇಲಿನ ಆರು ವಾರಗಳಲ್ಲಿ ಗ್ರ್ಯಾಂಟನ ಮನಸ್ಸು ಎರಡು ಬಾರಿ ಹೊಯ್ದಾಡಿತು. ಶತ್ರು ಸೇನಾನಿ ಹುಡ್ ಉತ್ತರಕ್ಕೆ ಸರಿದು ಶರ್ಮನ್ನನ ರೈಲುದಾರಿ ಕಡಿಯತೊಡಗಿದ್ದ. ಈ ದಾರಿ ಕಾಯುವುದು ಆಗದ ಮಾತು, ಅದನ್ನು ಬಿಟ್ಟು ಸವಾನಾದತ್ತ ನುಗ್ಗುತ್ತೇನೆ, ಜಾರ್ಜಿಯಾ ಗೋಳಿಡುವಂತೆ ಮಾಡುತ್ತೇನೆ ಎಂದು ಶರ್ಮನ್ ಅಕ್ಟೋಬರ್ 9ರಂದು ತಂತಿ ಕಳಿಸಿದ. ಗ್ರ್ಯಾಂಟ್ ಮೊದಲು ಒಪ್ಪಿದ. ನವೆಂಬರ್ 1ರಂದು, ಹೊರಡುವ ಮುನ್ನ ಹುಡ್‌ನನ್ನು ಪೂರ್ತಿ ಮುಗಿಸಿಬಿಡುವುದು ಒಳ್ಳೆಯದಲ್ಲವೇ ಎಂದು ಕೇಳಿದ. ಅದು ಪ್ರಶ್ನೆಯ ರೂಪದಲ್ಲಿತ್ತು, ಆಜ್ಞೆಯ ರೂಪದಲ್ಲಿರಲಿಲ್ಲ. ಶರ್ಮನ್ ವಾದಿಸಲು ಅಷ್ಟು ಸಾಕಾಯಿತು. ಮರುದಿನವೇ ಗ್ರ್ಯಾಂಟ್ ಮನಸ್ಸು ಬದಲಿಸಿ, ನೀನು ಹೇಳಿದಂತೆಯೇ ಹೊರಡು ಎಂದ. ಸ್ವತಃ ರಾಲಿನ್ಸ್ ಈ ಯೋಜನೆಗೆ ವಿರುದ್ಧವಾಗಿದ್ದ; ಲಿಂಕನ್ನನಿಗೂ ಕಳವಳವಿತ್ತು. ನವೆಂಬರ್ ನಡುವಿನಲ್ಲಿ ಸುಮಾರು 62,000 ಜನರೊಂದಿಗೆ ಹೊರಟ ಶರ್ಮನ್ ಡಿಸೆಂಬರ್ 13ರಂದು ಮೆಕ್‌ಅಲಿಸ್ಟರ್ ಕೋಟೆ ಹಿಡಿಯುವವರೆಗೆ ಹೊರಜಗತ್ತಿನ ಸಂಪರ್ಕವಿಲ್ಲದೆ ಸಾಗಿದ. ನಾಲ್ಕು ವಾರ ಒಂದು ಆಜ್ಞೆಯೂ ತಲುಪದ ಸೇನೆಯನ್ನು ಹಿಡಿದಿಟ್ಟದ್ದು ಹಿಂದಿನ ಪತ್ರಗಳಲ್ಲಿ ಮೂಡಿದ್ದ ಪರಸ್ಪರ ತಿಳಿವಳಿಕೆ. ಸಮುದ್ರ ಮುಟ್ಟಿದ ಮೇಲೆ ಸಿಕ್ಕಿದ ಮೊದಲ ಸೂಚನೆಯೇ ಅವನಿಗೆ ಒಪ್ಪಿಗೆಯಾಗದ್ದು. ಡಿಸೆಂಬರ್ 6ರ ಪತ್ರದಲ್ಲಿ ಗ್ರ್ಯಾಂಟ್ ಕಾಲಾಳುಗಳನ್ನು ಹಡಗೇರಿಸಿ ವರ್ಜೀನಿಯಾಕ್ಕೆ ಕರೆದುತಾ ಎಂದಿದ್ದ. ಶರ್ಮನ್ ಆಗಲೆಂದು ಉತ್ತರಿಸಿದ. ಜೊತೆಗೆ ಕ್ಯಾರೊಲಿನಾಗಳ ಮೂಲಕ ನೆಲದ ಮೇಲೇ ಬರುವುದು ತನ್ನ ಆಸೆಯೆಂದೂ ಬರೆದ. ತಿಂಗಳು ಮುಗಿಯುವ ಮುನ್ನ ಆ ಆಸೆಯೇ ಯೋಜನೆಯಾಯಿತು.

1865ರ ಜನವರಿಯಲ್ಲಿ ಶರ್ಮನ್ನನಿಗೂ ಗ್ರ್ಯಾಂಟನ ಸಮಾನ ಪದವಿ ಕೊಡುವ ಮಸೂದೆಯ ಸುದ್ದಿ ಹಬ್ಬಿತು. ನಮ್ಮಿಬ್ಬರನ್ನು ಪೈಪೋಟಿಗೆ ಹಚ್ಚುವ ಯಾವ ಪದವಿಯೂ ನನಗೆ ಬೇಡ ಎಂದು ಶರ್ಮನ್ ಜನವರಿ 21ರಂದು ಬರೆದ. ನೀನೇ ನನ್ನ ಮೇಲಧಿಕಾರಿಯಾದರೂ ನಮ್ಮ ಸಂಬಂಧ ಕಿಂಚಿತ್ತೂ ಬದಲಾಗದು, ನೀನು ನನಗೆ ಕೊಟ್ಟಷ್ಟೇ ಬೆಂಬಲವನ್ನು ನಾನು ನಿನಗೆ ಕೊಡುತ್ತೇನೆ ಎಂದು ಗ್ರ್ಯಾಂಟ್ ಫೆಬ್ರವರಿ 1ರಂದು ಉತ್ತರಿಸಿದ. ಇಬ್ಬರು ಸೇನಾನಿಗಳನ್ನು ಪತ್ರಿಕೆಗಳೂ ರಾಜಕಾರಣಿಗಳೂ ಎತ್ತಿಕಟ್ಟುವುದು ಆ ಯುದ್ಧದಲ್ಲಿ ದಿನದ ಕತೆ. ಈ ಎರಡು ಕಾಗದಗಳು ಆ ಬಾಗಿಲನ್ನು ಮುಚ್ಚಿದವು.

ಎದುರು ನಿದರ್ಶನ: ಥಾಮಸ್

ಇದೆಲ್ಲ ಗ್ರ್ಯಾಂಟನ ಸ್ವಭಾವದ ಗುಣ, ಪತ್ರಗಳಿಂದ ಆದದ್ದಲ್ಲ ಎಂಬ ಆಕ್ಷೇಪ ಏಳುವುದು ಸಹಜ. ಅದಕ್ಕೆ ಉತ್ತರ 1864ರ ಅದೇ ಡಿಸೆಂಬರಿನಲ್ಲಿ, ಅದೇ ಗ್ರ್ಯಾಂಟನ ನಡತೆಯಲ್ಲಿ ಸಿಗುತ್ತದೆ. ಹುಡ್‌ನನ್ನು ತಡೆಯುವ ಹೊಣೆ ನ್ಯಾಶ್‌ವಿಲ್‌ನಲ್ಲಿದ್ದ ಜಾರ್ಜ್ ಎಚ್. ಥಾಮಸ್‌ನದು. ಥಾಮಸ್ ನಿಧಾನಿ, ಮಿತಭಾಷಿ. ಗ್ರ್ಯಾಂಟನೊಂದಿಗೆ ಅವನಿಗೆ ಸಲುಗೆ ಬೆಳೆದಿರಲಿಲ್ಲ. ಕುದುರೆಗಳನ್ನು ಹೊಂದಿಸಿಕೊಳ್ಳಬೇಕು, ನೆಲವೆಲ್ಲ ಮಂಜುಗಟ್ಟಿದೆ ಎಂದು ಅವನು ತಂತಿಯಲ್ಲಿ ಕಾರಣ ಕೊಟ್ಟಂತೆಲ್ಲ ಗ್ರ್ಯಾಂಟನ ತಾಳ್ಮೆ ಕರಗಿತು. ಕೂಡಲೇ ದಾಳಿ ಮಾಡು ಎಂಬ ತಂತಿಗಳು ಒಂದರ ಮೇಲೊಂದು ಬಂದವು. ಡಿಸೆಂಬರ್ 9ರಂದು ಅವನನ್ನು ತೆಗೆದುಹಾಕುವ ಆಜ್ಞೆ ಸಿದ್ಧವಾಗಿ ತಡೆಹಿಡಿಯಲ್ಪಟ್ಟಿತು. ಆಮೇಲೆ ಅವನ ಜಾಗಕ್ಕೆಂದು ಇನ್ನೊಬ್ಬ ಸೇನಾನಿ ಲೋಗನ್ ಹೊರಟ. ಕಡೆಗೆ ಗ್ರ್ಯಾಂಟ್ ತಾನೇ ನ್ಯಾಶ್‌ವಿಲ್‌ಗೆ ಹೋಗಲು ವಾಷಿಂಗ್ಟನ್ನಿನವರೆಗೆ ಬಂದ. ಅಷ್ಟರಲ್ಲಿ, ಡಿಸೆಂಬರ್ 15 ಮತ್ತು 16ರಂದು, ಥಾಮಸ್ ಹುಡ್‌ನ ಸೇನೆಯನ್ನು ನುಚ್ಚುನೂರು ಮಾಡಿದ. ಸೇನಾಪತಿ ಅವನೇ, ತಂತಿಯೂ ಅದೇ, ಶತ್ರುವೂ ಅವನೇ. ಒಬ್ಬನ ವಿಷಯದಲ್ಲಿ ಪ್ರಶ್ನೆ ಕೇಳಿದ ಗ್ರ್ಯಾಂಟ್ ಇನ್ನೊಬ್ಬನ ವಿಷಯದಲ್ಲಿ ಗದರಿದ. ಥಾಮಸ್‌ನ ಮಾತಿನ ಹಿಂದಿನ ಮನಸ್ಸನ್ನು ಓದಲು ಬೇಕಾದ ಹಳೆಯ ಪತ್ರಗಳ ಆಸರೆ ಅವನಿಗಿರಲಿಲ್ಲ; ತಡ ಎಂಬುದು ಅವನಿಗೆ ಬರೀ ತಡವಾಗಿ ಕಂಡಿತು.

ಇಪ್ಪತ್ತನೆಯ ಶತಮಾನ

ತಂತಿ, ದೂರವಾಣಿ, ರೇಡಿಯೋಗಳು ಬಂದ ಮೇಲೆ ಪತ್ರದ ಅಗತ್ಯ ತೀರಿತೆಂದು ಭಾವಿಸುವುದು ಸುಲಭ. ನಡೆದದ್ದು ಬೇರೆ. ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಯ ಮುಖ್ಯಾಧಿಕಾರಿಯಾಗಿದ್ದ ವಿಲಿಯಂ ರಾಬರ್ಟ್‌ಸನ್ 1915ರ ಕೊನೆಯಿಂದ 1918ರ ಫೆಬ್ರವರಿಯವರೆಗೆ ಲಂಡನ್ನಿನಿಂದ ಫ್ರಾನ್ಸಿನ ಹೇಗ್, ಈಜಿಪ್ಟಿನ ಮರ್ರೇ, ಮೆಸೊಪೊಟೇಮಿಯಾದ ಮಾಡ್, ಸಲೋನಿಕಾದ ಮಿಲ್ನ್, ಭಾರತದ ಮನ್ರೋ (ಇವನು ಚಾರ್ಲ್ಸ್ ಮನ್ರೋ) ಇವರಿಗೆ ಅಧಿಕೃತ ತಂತಿಗಳ ಜೊತೆಗೆ ಅರೆಸರ್ಕಾರಿ ಪತ್ರಗಳನ್ನು ಬರೆಯುತ್ತಿದ್ದ. ತಂತಿ ಏನು ಮಾಡಬೇಕೆಂದು ಹೇಳುತ್ತಿತ್ತು. ಸಚಿವ ಸಂಪುಟದಲ್ಲಿ ಗಾಳಿ ಎತ್ತ ಬೀಸುತ್ತಿದೆ, ಎಷ್ಟು ಸೈನ್ಯ ನಿಜಕ್ಕೂ ಸಿಕ್ಕೀತು ಎಂಬುದನ್ನು ಪತ್ರ ಹೇಳುತ್ತಿತ್ತು. ವೇಗ ಹೆಚ್ಚಾದಷ್ಟೂ ಸಂದೇಶ ಚಿಕ್ಕದಾಯಿತು, ಓದುವ ಕಣ್ಣುಗಳು ಹೆಚ್ಚಾದವು. ಬಿಚ್ಚುಮಾತಿಗೆ ಪತ್ರವೇ ಆಸರೆಯಾಯಿತು.

ಎರಡನೆಯ ಮಹಾಯುದ್ಧದಲ್ಲಿ ವಾಷಿಂಗ್ಟನ್ನಿನ ಜಾರ್ಜ್ ಮಾರ್ಷಲ್ ಮತ್ತು ಆಲ್ಜೀರ್ಸ್, ಲಂಡನ್ ಮೊದಲಾದ ಕಡೆ ಬಿಡಾರವಿದ್ದ ಡ್ವೈಟ್ ಐಸೆನ್‌ಹೋವರ್ ನಡುವಿನ ಪತ್ರಗಳು ಈ ಪರಂಪರೆಯ ಮುಂದುವರಿಕೆ. ಇಲ್ಲಿ ಸಲುಗೆಗಿಂತ ಗೌರವ ಹೆಚ್ಚು. ಮಾರ್ಷಲ್ ಹಿರಿಯ, ಐಸೆನ್‌ಹೋವರ್ ಅವನ ಆಯ್ಕೆ. ಅಧಿಕಾರಿಗಳ ಗುಣದೋಷ, ಬ್ರಿಟಿಷರೊಂದಿಗಿನ ತಿಕ್ಕಾಟ, ಸ್ವಂತ ಹಿಂಜರಿಕೆ ಎಲ್ಲವೂ ಈ ಪತ್ರಗಳಲ್ಲಿ ಬರುತ್ತವೆ. ಆದರೆ ಈ ಪ್ರಕಾರದ ಮಿತಿಯನ್ನೂ ಇವೇ ತೋರಿಸುತ್ತವೆ. 1943ರ ಆಗಸ್ಟಿನಲ್ಲಿ ಸಿಸಿಲಿಯ ಸೈನಿಕ ಆಸ್ಪತ್ರೆಗಳಲ್ಲಿ ಅಮೆರಿಕದ ಸೇನಾನಿ ಜಾರ್ಜ್ ಪ್ಯಾಟನ್ ಇಬ್ಬರು ರೋಗಿಗಳ ಮೇಲೆ ಕೈಮಾಡಿದ. ವಿಷಯ ಐಸೆನ್‌ಹೋವರನಿಗೆ ತಿಳಿದಿತ್ತು. ಆದರೆ ಅದೇ ತಿಂಗಳು ಮಾರ್ಷಲ್‌ಗೆ ಬರೆದ ಪತ್ರದಲ್ಲಿ ಪ್ಯಾಟನ್ ಕೈಕೆಳಗಿನವರನ್ನು ದುಡುಕಿ ಬೈಯುವ, ವೈಯಕ್ತಿಕ ನಿಂದನೆಗಿಳಿಯುವ ಚಾಳಿಯವನು ಎಂದಷ್ಟೇ ಹೇಳಿ ಆಸ್ಪತ್ರೆಯ ಘಟನೆಯನ್ನು ನುಂಗಿಕೊಂಡ. ನವೆಂಬರಿನಲ್ಲಿ ಸುದ್ದಿ ಬಯಲಾದಾಗಲೇ ಪೂರ್ಣ ವಿವರ ಕೊಡಬೇಕಾಗಿ ಬಂದದ್ದು. ಮೂರನೆಯ ಗೆಳೆಯನನ್ನು ಕಾಪಾಡಲು ಹೊರಟಾಗ ಬಿಚ್ಚುಮಾತಿನ ಪತ್ರವೂ ಸರ್ಕಾರಿ ವರದಿಯಷ್ಟೇ ಜಾಣತನ ತೋರಿಸಬಲ್ಲದು.

ಗೆಳೆಯರು ಎದುರುಬದುರು ಪಾಳೆಯಗಳಲ್ಲಿದ್ದ ವಿಚಿತ್ರ ಸಂದರ್ಭ ನಮ್ಮ ಉಪಖಂಡದ್ದು. 1947–48ರ ಕಾಶ್ಮೀರ ಯುದ್ಧದ ಕೊನೆಯ ಹಂತದಲ್ಲಿ ಭಾರತದ ದಂಡನಾಯಕ ರಾಯ್ ಬುಷರ್, ಪಾಕಿಸ್ತಾನದ ದಂಡನಾಯಕ ಡಗ್ಲಸ್ ಗ್ರೇಸಿ ಇಬ್ಬರೂ ಹಳೆಯ ಬ್ರಿಟಿಷ್ ಭಾರತದ ಸೇನೆಯವರು. 1948ರ ಡಿಸೆಂಬರ್ ಕೊನೆಯಲ್ಲಿ ಬುಷರ್ ಸರ್ಕಾರದ ಅನುಮತಿಯಿಂದ ಗ್ರೇಸಿಗೆ ಕಳಿಸಿದ ಸಂದೇಶ 1949ರ ಜನವರಿ 1ರ ಕದನವಿರಾಮಕ್ಕೆ ದಾರಿಯಾಯಿತು. ಅದಕ್ಕೆ ಮುಂಚಿನ ಇವರ ಅನೌಪಚಾರಿಕ ಸಂಪರ್ಕಗಳು ಭಾರತದ ಹಿತಕ್ಕೆ ಅಡ್ಡಬಂದವೆಂಬ ಟೀಕೆ ಇತಿಹಾಸಕಾರರಲ್ಲಿದೆ. ಎರಡು ವಾರದ ನಂತರ, ಜನವರಿ 15ರಂದು, ಕೊಡಗಿನ ಕೆ. ಎಂ. ಕಾರ್ಯಪ್ಪ ಅವರು ಬುಷರ್‌ನಿಂದ ಅಧಿಕಾರ ವಹಿಸಿಕೊಂಡರು. ಬೇರೆ ಬೇರೆ ಸರ್ಕಾರಗಳಿಗೆ ನಿಷ್ಠರಾಗಿರಬೇಕಾದವರ ನಡುವೆ ಸಲುಗೆಗೆ ಬೇರೆಯೇ ಅರ್ಥ ಬರುತ್ತದೆ. ಒಂದೇ ಗುರಿಯಿದ್ದಾಗ ಬಲವಾಗಿದ್ದದ್ದು ಇಲ್ಲಿ ಅನುಮಾನಕ್ಕೆ ಆಸ್ಪದವಾಯಿತು.

ಆಕ್ಷೇಪಗಳು

ಮೊದಲ ಆಕ್ಷೇಪ ಆಧಾರಗಳ ಕುರಿತದ್ದು. ಉಳಿದಿರುವುದು ಗೆದ್ದವರ ಪತ್ರಗಳು. ಅವುಗಳನ್ನು ಪ್ರಕಟಿಸಿದವರೂ ಬಹುಮಟ್ಟಿಗೆ ಗೆದ್ದವರೇ. ಶರ್ಮನ್ 1875ರ ತನ್ನ ಆತ್ಮಕಥೆಯಲ್ಲಿ 1864ರ ಮಾರ್ಚಿನ ಪತ್ರಗಳನ್ನು ತಾನೇ ಅಚ್ಚುಹಾಕಿಸಿದ. ಅಮೆರಿಕ ಸರ್ಕಾರ 1880ರಿಂದ 1901ರವರೆಗೆ ಹೊರತಂದ ಅಂತರ್ಯುದ್ಧದ ದಾಖಲೆಗಳು 128 ಪುಸ್ತಕಗಳಷ್ಟಾದರೂ, ಯಾವುದನ್ನು ಉಳಿಸಬೇಕೆಂಬ ಆಯ್ಕೆ ಅದಕ್ಕೂ ಮೊದಲೇ ನಡೆದಿತ್ತು. ಸೋತ ಪಕ್ಷದಲ್ಲೂ ಗೆಳೆಯರಿರಲಿಲ್ಲವೇ? ಇದ್ದರು. ದಕ್ಷಿಣದ ಲೀ ಮತ್ತು ಜಾನ್‌ಸ್ಟನ್ 1829ರ ವೆಸ್ಟ್ ಪಾಯಿಂಟ್ ತಂಡದ ಸಹಪಾಠಿಗಳು. ಆದರೆ ಅವರ ರಣರಂಗಗಳನ್ನು ಜೋಡಿಸುವ ಕೆಲಸವನ್ನು ದಕ್ಷಿಣದ ರಾಜಧಾನಿ ರಿಚ್ಮಂಡ್ ತನ್ನ ಕೈಯಲ್ಲೇ ಇಟ್ಟುಕೊಂಡಿತ್ತು. ಲೀ ಎಲ್ಲ ಸೇನೆಗಳ ಮುಖ್ಯಸ್ಥನಾದದ್ದು 1865ರ ಫೆಬ್ರವರಿಯಲ್ಲಿ, ಯುದ್ಧ ಮುಗಿಯಲು ಎರಡು ತಿಂಗಳಿದ್ದಾಗ. ಇದರಿಂದ ಮೇಲಿನ ವಾದ ಬಿದ್ದುಹೋಗುವುದಿಲ್ಲ, ಅದರ ಗೆರೆ ಸ್ಪಷ್ಟವಾಗುತ್ತದೆ: ಸ್ನೇಹ ತಾನಾಗಿ ಯುದ್ಧ ನಡೆಸದು. ಅಧಿಕಾರದ ಸರಿಯಾದ ಏರ್ಪಾಟು ಇರುವಲ್ಲಿ ಅದು ಕೀಲೆಣ್ಣೆಯಾಗುತ್ತದೆ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರ. ಗೆಳೆಯನ ಮಾತಿಗೆ ಕಿವಿ ತೆರೆಯುವವನು ಗೆಳೆಯನಲ್ಲದವನಿಗೆ ಅನ್ಯಾಯ ಮಾಡುತ್ತಾನೆ. ಥಾಮಸ್‌ನ ಕತೆ ಅದಕ್ಕೇ ಸಾಕ್ಷಿ. ಇದನ್ನು ಅಲ್ಲಗಳೆಯಲಾಗದು. ಹುಡ್‌ನ ಭಾರವನ್ನು ಥಾಮಸ್ ಹೊತ್ತಿದ್ದರಿಂದಲೇ ಶರ್ಮನ್ ಸಮುದ್ರದತ್ತ ನಡೆಯಲು ಸಾಧ್ಯವಾಯಿತು. ಹೊಗಳಿಕೆಯ ಪತ್ರ ಒಬ್ಬನಿಗೆ, ಗದರಿಕೆಯ ತಂತಿ ಇನ್ನೊಬ್ಬನಿಗೆ ಸಿಕ್ಕಿತು. ಆದರೆ ಸಲುಗೆ ಎಂದರೆ ಕುರುಡು ಬೆಂಬಲವೆನ್ನಲು ಬಾರದು. 1865ರ ಏಪ್ರಿಲ್ 18ರಂದು ಶರ್ಮನ್ ಜಾನ್‌ಸ್ಟನ್ನನೊಂದಿಗೆ ತನ್ನ ಅಧಿಕಾರ ಮೀರಿದ, ರಾಜಕೀಯ ಷರತ್ತುಗಳ ಒಪ್ಪಂದ ಮಾಡಿಕೊಂಡಾಗ ಸರ್ಕಾರ ಅದನ್ನು ತಳ್ಳಿಹಾಕಿತು. ಯುದ್ಧ ಸಚಿವ ಸ್ಟಾಂಟನ್ ಪತ್ರಿಕೆಗಳಲ್ಲೇ ಅವನನ್ನು ಹೀಯಾಳಿಸಿದ. ಗ್ರ್ಯಾಂಟ್ ಗೆಳೆಯನ ಪಕ್ಷ ವಹಿಸಿ ಒಪ್ಪಂದವನ್ನು ಸಮರ್ಥಿಸಲಿಲ್ಲ. ತಾನೇ ಶರ್ಮನ್ನನಿದ್ದ ರಾಲಿಗೆ ಹೋಗಿ ವಿಷಯ ತಿಳಿಸಿದ. ಏಪ್ರಿಲ್ 26ರಂದು ಹೊಸ ಷರತ್ತುಗಳಿಗೆ ಶರ್ಮನ್ನನೇ ಸಹಿ ಹಾಕುವಂತೆ ಮಾಡಿ, ತಾನು ಹಿನ್ನೆಲೆಯಲ್ಲಿ ಉಳಿದು ಅವನ ಮಾನ ಕಾಯ್ದ. ಸರ್ಕಾರದ ಮಾತೂ ನಡೆಯಿತು, ಗೆಳೆತನವೂ ಉಳಿಯಿತು.

ಮೂರನೆಯದು ಪ್ರಜಾಪ್ರಭುತ್ವದ ದೃಷ್ಟಿಯಿಂದ ಬಂದದ್ದು: ಸೇನಾನಿಗಳು ಬೆನ್ನ ಹಿಂದೆ ಬರೆದುಕೊಳ್ಳುವುದು ಚುನಾಯಿತ ಸರ್ಕಾರದ ವಿರುದ್ಧ ಕೂಟ ಕಟ್ಟಿದಂತೆ. ರಾಬರ್ಟ್‌ಸನ್ನನ ಪತ್ರಗಳಲ್ಲಿ ರಾಜಕಾರಣಿಗಳ ಬಗೆಗಿನ ಅಸಹನೆ ಮುಚ್ಚಿಡಲಾಗದಷ್ಟಿದೆ. ಈ ಆಕ್ಷೇಪಕ್ಕೆ ಅಲ್ಲಿ ಆಧಾರವಿದೆ. ಆದರೆ 1918ರ ಫೆಬ್ರವರಿಯಲ್ಲಿ ಪ್ರಧಾನಿ ಲಾಯ್ಡ್ ಜಾರ್ಜ್ ಅವನನ್ನು ಹುದ್ದೆಯಿಂದ ಇಳಿಸಿದಾಗ, ವರ್ಷಗಳಿಂದ ಪತ್ರ ಬರೆದುಕೊಂಡಿದ್ದ ಹೇಗ್ ಅವನ ಪರ ಪಟ್ಟುಹಿಡಿದು ನಿಲ್ಲಲಿಲ್ಲ. ಕೂಟವೆಂದು ಕಂಡದ್ದು ಪರೀಕ್ಷೆಯ ಹೊತ್ತಿಗೆ ಕೂಟವಾಗಿ ಉಳಿಯಲಿಲ್ಲ. ದೂರನ್ನು ಹಂಚಿಕೊಳ್ಳುವ ಪತ್ರ ಅಪಾಯಕಾರಿಯೂ ಹೌದು, ದುರ್ಬಲವೂ ಹೌದು. ಕೆಲಸವನ್ನು ಹಂಚಿಕೊಳ್ಳುವ ಪತ್ರವೇ ಬಾಳಿಕೆ ಬಂದದ್ದು.

ಇನ್ನೊಂದು ಆಕ್ಷೇಪ ನೈತಿಕವಾದದ್ದು. ರಜೆಯ ತಮಾಷೆ ಮಾಡಿದ ಲೇಖನಿಯೇ ಜಾರ್ಜಿಯಾದ ರಸ್ತೆ, ಮನೆ, ಜನರ ನಾಶದ ಮಾತನ್ನೂ ಬರೆಯಿತು. ದಖ್ಖನ್ನಿನ ಪತ್ರಗಳಲ್ಲಿ ಸುಸಂಸ್ಕೃತರಿಬ್ಬರು ಚರ್ಚಿಸುತ್ತಿರುವುದು ಇತರರ ನಾಡನ್ನು ಕಂಪನಿ ನುಂಗುವ ವಿಷಯ. ಒಕ್ಕಣೆಯ ಸೌಜನ್ಯಕ್ಕೆ ಮರುಳಾಗಿ ಓದುವವರಿಗೆ ಇದು ತಕ್ಕ ಎಚ್ಚರಿಕೆ. ಈ ಪತ್ರಗಳು ಯುದ್ಧವನ್ನು ಮೃದುಗೊಳಿಸಲಿಲ್ಲ. ಅದನ್ನು ಹೆಚ್ಚು ಸಮರ್ಥವಾಗಿ ನಡೆಸಲು ನೆರವಾದವು. ಅದೂ ಅವುಗಳ ಮಹತ್ವದ ಭಾಗವೇ. ಮಾನವೀಯತೆಯ ದಾಖಲೆಗಳೆಂದು ಅವನ್ನು ಮೆರೆಸುವುದು ತಪ್ಪಾಗುತ್ತದೆ.

ಅಧ್ಯಯನದ ದೃಷ್ಟಿ

ಸಂಶೋಧಕರಿಗೆ ಈ ಪತ್ರಗಳು ಉಪಯೋಗಕ್ಕೆ ಬರುವುದು ಅವನ್ನು ಅದೇ ದಿನಗಳ ಆಜ್ಞೆ, ತಂತಿ, ವರದಿಗಳ ಪಕ್ಕದಲ್ಲಿಟ್ಟು ಓದಿದಾಗ. 1967ರಿಂದ 2012ರವರೆಗೆ 32 ಸಂಪುಟಗಳಲ್ಲಿ ಹೊರಬಂದ ಗ್ರ್ಯಾಂಟನ ಪತ್ರಸಂಗ್ರಹ ಇಂಥ ಓದಿಗೆ ಅನುಕೂಲ ಮಾಡಿಕೊಟ್ಟಿದೆ. ವೆಲ್ಲೆಸ್ಲಿಯ ಪ್ರಕಟಿತ ಪತ್ರಗಳೂ ಮನ್ರೋನ ಜೀವನಚರಿತ್ರೆಗಳೂ ದಖ್ಖನ್ನಿನ ಸಂದರ್ಭಕ್ಕೆ ಆ ಕೆಲಸ ಮಾಡುತ್ತವೆ. ಓದುವಾಗ ಕೇಳಬೇಕಾದ ಪ್ರಶ್ನೆಗಳು ಮೂರು. ಪತ್ರದಲ್ಲಿ ಒಪ್ಪದ ಮಾತಿದೆಯೇ? ಆ ಮಾತಿಗೆ ಕಾರಣಸಹಿತ ಉತ್ತರ ಬಂದಿದೆಯೇ? ಉತ್ತರ ಬಂದ ಮೇಲೆ, ಯಾರ ಮಾತೇ ನಡೆದಿರಲಿ, ಇಬ್ಬರೂ ಅದಕ್ಕೆ ತಕ್ಕಂತೆ ನಡೆದುಕೊಂಡಿದ್ದಾರೆಯೇ? ಮೂರಕ್ಕೂ ಹೌದೆಂಬ ಉತ್ತರ ಸಿಗುವುದು ಅಪರೂಪ. ಅಸ್ಸಾಯೆಯ ನಂತರದ ಪತ್ರಗಳು ಮೊದಲೆರಡಕ್ಕೆ ಹೌದೆನ್ನುತ್ತವೆ. ಮೂರನೆಯದರ ಸಂದರ್ಭ ಅಲ್ಲಿ ಬರಲೇ ಇಲ್ಲ. ಐಸೆನ್‌ಹೋವರನ ಆಲ್ಜೀರ್ಸಿನ ಪತ್ರ ಪ್ಯಾಟನ್ ವಿಷಯದಲ್ಲಿ ಮೊದಲ ಮೆಟ್ಟಿಲಲ್ಲೇ ಎಡವಿತು. ಮೂರನ್ನೂ ದಾಟಿದ್ದು ಗ್ರ್ಯಾಂಟ್–ಶರ್ಮನ್ ಪತ್ರ ವ್ಯವಹಾರ, ಅದೂ ಒಂದಲ್ಲ, ಹಲವು ಬಾರಿ. ಅದೃಷ್ಟದಿಂದ ಒದಗಿದ ಗೆಳೆತನದ ಫಲವೆಂದು ಇದನ್ನು ತಳ್ಳಿಹಾಕುವವರು ವಿಕ್ಸ್‌ಬರ್ಗಿನ ಕಾಗದವನ್ನು ಗಮನಿಸಬೇಕು. ಅಸಮ್ಮತಿಯನ್ನು ಬರೆದಿಡುವ, ಅದನ್ನು ಅಪಮಾನವೆಂದು ತಿಳಿಯದ ಅಭ್ಯಾಸವನ್ನು ಇಬ್ಬರೂ ಸಣ್ಣ ಹುದ್ದೆಗಳಲ್ಲಿದ್ದಾಗಲೇ ರೂಢಿಸಿಕೊಂಡಿದ್ದರು. ದೊಡ್ಡ ಯುದ್ಧದಲ್ಲಿ ಅವರಿಗೆ ಒದಗಿದ್ದು ಆ ಅಭ್ಯಾಸ.